ಮೊದಲು ಯಾವ ಚಪ್ಪಡಿ?

ನಮ್ಮ ಮನೆಯಿಂದ ಬಸ್ ಸ್ಟಾಪಿಗೆ ಸುಮಾರು 700 ಹೆಜ್ಜೆ. ದಾರಿಯುದ್ದಕ್ಕೂ ಫುಟ್‌ಪಾತ್ ಇದೆ. ಒಂದು ಭಾನುವಾರ ಸುಮ್ನೆ ಎಣಿಸುತ್ತಾ ಹೋದೆ. ಫುಟ್‌ಪಾತ್ ಬಿಟ್ಟು ರಸ್ತೆಗೆ ಇಳಿದದ್ದು 11 ಸಲ. ಎರಡು ಸಲ ಟ್ರಾನ್ಸ್‌ಫಾರ್ಮರ್ ಅಡ್ಡ ಬಂತು. ಮೂರು ಸಲ ನಿಲ್ಲಿಸಿದ್ದ ಗಾಡಿಗಳು. ಒಂದು ಕಡೆ ಯಾರೋ ಹಳೇ ಮನೆ ಕೆಡವಿ ಸುರಿದ ಇಟ್ಟಿಗೆ ಚೂರು. ಎರಡು ಕಡೆ ಕಾರು ಹತ್ತಿಸಲು ಮನೆಯವರೇ ಹಾಕಿಸಿಕೊಂಡ ಇಳಿಜಾರು. ಚಪ್ಪಡಿ ಹಾಳಾಗಿ ಇಳಿಯಬೇಕಾಗಿ ಬಂದದ್ದು ಬರೀ ಮೂರು ಕಡೆ.

ಆ ಮೂರರಲ್ಲಿ ಒಂದು ಬೀದಿಯ ಮೂಲೆಯಲ್ಲಿದೆ, ಎಳನೀರು ಮಾರುವವರ ಪಕ್ಕದಲ್ಲಿ. ಒಂದು ತುದಿಗೆ ಕಾಲಿಟ್ಟರೆ ಇನ್ನೊಂದು ತುದಿ ಎದ್ದು ಬರುತ್ತದೆ. ಮಳೆ ಬಂದ ಮಾರನೇ ದಿನವಾದರೆ ಸಂದಿಯಿಂದ ಚರಂಡಿ ನೀರು ಪಚಕ್ ಅಂತ ಮೊಣಕಾಲಿನ ತನಕ ಹಾರುತ್ತದೆ. ಬೀದಿಯವರಿಗೆಲ್ಲ ಇದು ಗೊತ್ತು, ದಾಟಿಕೊಂಡು ಹೋಗುತ್ತಾರೆ. ನನ್ನ ತಾಯಿಗೆ 74 ವರ್ಷ, ದಾಟಲು ಆಗುವುದಿಲ್ಲ. ಒಂದು ಸಲ ಅಲ್ಲಿ ಮುಗ್ಗರಿಸಿದ ಮೇಲೆ ಅವರು ಆ ಕಡೆಯ ಫುಟ್‌ಪಾತನ್ನೇ ಬಿಟ್ಟುಬಿಟ್ಟರು. ಉಳಿದ ಚಪ್ಪಡಿಗಳೆಲ್ಲ ಗಟ್ಟಿಯಾಗಿಯೇ ಇವೆ. ಅವರ ಪಾಲಿಗೆ ಅವು ಇದ್ದೂ ಇಲ್ಲ.

ನಮ್ಮ ಊರುಗಳಲ್ಲಿ ನಡೆಯುವ ದಾರಿ, ಸೈಕಲ್ ದಾರಿ ಕೆಟ್ಟಿವೆ ಅಂತ ಹೊಸದಾಗಿ ಹೇಳಬೇಕಾಗಿಲ್ಲ. ಎಲ್ಲವನ್ನೂ ಒಟ್ಟಿಗೆ ಸರಿಮಾಡಲು ಯಾವ ಪಾಲಿಕೆಯ ಹತ್ತಿರವೂ ದುಡ್ಡಿಲ್ಲ, ಅದೂ ಗೊತ್ತು. ಬೆಂಗಳೂರಿನಲ್ಲಿ ಹಿಂದಿನ ಮಹಾನಗರ ಪಾಲಿಕೆ ಬಿಬಿಎಂಪಿಯ ಲೆಕ್ಕದ ರಸ್ತೆಗಳೇ 12,800 ಕಿಲೋಮೀಟರಿಗಿಂತ ಜಾಸ್ತಿ. ಅದರಲ್ಲಿ ಮುಖ್ಯ ರಸ್ತೆಗಳು ಹೆಚ್ಚುಕಡಿಮೆ 1,340 ಕಿಲೋಮೀಟರ್ ಅಷ್ಟೇ. ಮಿಕ್ಕಿದ್ದೆಲ್ಲ ನಾವು ಹಾಲು ತರಲು, ಮಕ್ಕಳನ್ನು ಶಾಲೆಗೆ ಬಿಡಲು ಓಡಾಡುವ ಒಳಬೀದಿಗಳು. ಇಷ್ಟರಲ್ಲಿ ಮೊದಲು ಯಾವುದನ್ನು ಮುಟ್ಟಬೇಕು? ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವೇ ಇಲ್ಲ ಅಂತಲ್ಲ. ಉತ್ತರ ಇದೆ, ಆದರೆ ಅದನ್ನು ಯಾರೂ ಕೂತು ಯೋಚಿಸಿ ಕೊಟ್ಟದ್ದಲ್ಲ.

ಕೆರೆ ಏರಿಯ ಲೆಕ್ಕ

ಮೋಟಾರು ರಸ್ತೆಯಲ್ಲಿ ಒಂದು ಗುಂಡಿ ಬಿದ್ದರೆ ಕಾರು ನಿಧಾನವಾಗುತ್ತದೆ, ಬಳಸಿಕೊಂಡು ಮುಂದೆ ಹೋಗುತ್ತದೆ. ಫುಟ್‌ಪಾತಿನಲ್ಲಿ ಹಾಗಲ್ಲ. ನಾಲ್ಕಡಿ ಅಗಲದ ದಾರಿಯಲ್ಲಿ ಮೂರಡಿಯ ಚಪ್ಪಡಿ ಇಲ್ಲದಿದ್ದರೆ ಬಳಸಲು ಜಾಗವೇ ಇಲ್ಲ. ರಸ್ತೆಗೆ ಇಳಿಯಬೇಕು, ಅದೂ ಹಿಂದಿನಿಂದ ಬರುವ ಗಾಡಿಗೆ ಬೆನ್ನು ಕೊಟ್ಟು. ಗಾಲಿಕುರ್ಚಿಯವರಿಗೆ, ಮಗುವಿನ ತಳ್ಳುಗಾಡಿ ಹಿಡಿದವರಿಗೆ ಇಳಿಯುವುದೂ ಆಗುವುದಿಲ್ಲ. ಅವರು ವಾಪಸ್ ಹೋಗಬೇಕು, ಇಲ್ಲ ಮೊದಲಿನಿಂದಲೇ ರಸ್ತೆಯಲ್ಲಿ ಹೋಗಬೇಕು.

ಕೆರೆ ಏರಿಯೂ ಹೀಗೇ. ಅರ್ಧ ಮೈಲಿ ಏರಿ ಬಂಡೆಯ ಹಾಗಿದ್ದು ಒಂದು ಮಾರು ಒಡೆದರೆ ಸಾಕು, ಕೆರೆ ಖಾಲಿ. 'ಶೇಕಡಾ 99 ಏರಿ ಸುಸ್ಥಿತಿಯಲ್ಲಿದೆ' ಅಂತ ಯಾವ ರೈತನೂ ಸಮಾಧಾನಪಟ್ಟುಕೊಳ್ಳುವುದಿಲ್ಲ. ಆದರೆ ಫುಟ್‌ಪಾತಿನ ವರದಿಗಳು ಹೆಚ್ಚಾಗಿ ಇದೇ ಧಾಟಿಯಲ್ಲಿರುತ್ತವೆ. ಇಷ್ಟು ಕಿಲೋಮೀಟರ್ ಅಭಿವೃದ್ಧಿಯಾಯಿತು, ಇಷ್ಟು ಬಾಕಿ ಅಂತ. ಕಿಲೋಮೀಟರಿನಲ್ಲಿ ಅಳೆದರೆ ನಮ್ಮ ಮೂಲೆಯ ಆ ಒಂದು ಚಪ್ಪಡಿ ಲೆಕ್ಕಕ್ಕೇ ಸಿಗುವುದಿಲ್ಲ.

ಇದರ ಬೆಲೆ ಸಣ್ಣದಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 32,825 ಜನ ನಡೆದು ಹೋಗುತ್ತಿದ್ದವರು. ಐವರಲ್ಲಿ ಒಬ್ಬರು ಅಂತಾಯಿತು. ಇವರೆಲ್ಲ ಫುಟ್‌ಪಾತ್ ಕೆಟ್ಟಿದ್ದರಿಂದಲೇ ಸತ್ತರು ಅಂತ ನಾನು ಹೇಳುತ್ತಿಲ್ಲ. ಹೆದ್ದಾರಿ ದಾಟುವಾಗ ಸತ್ತವರೂ ಇದರಲ್ಲಿದ್ದಾರೆ. ಆದರೆ ಸುಮ್ಮನೆ ಎಡವಿ ಬಿದ್ದು ಸೊಂಟ ಮುರಿದುಕೊಂಡವರು ಈ ಪಟ್ಟಿಯಲ್ಲಿ ಇಲ್ಲ. ಗಾಡಿ ಗುದ್ದದಿದ್ದರೆ ಅದು ಅಪಘಾತದ ಲೆಕ್ಕಕ್ಕೆ ಬರುವುದಿಲ್ಲ. ಆಸ್ಪತ್ರೆಯ ಬಿಲ್ಲಿನಲ್ಲಿ ಮಾತ್ರ ಬರುತ್ತದೆ.

ಹಾಗಾದರೆ ಈಗ ಯಾವುದು ಮೊದಲು ರಿಪೇರಿಯಾಗುತ್ತದೆ? ಸ್ವಲ್ಪ ದಿನ ಗಮನಿಸಿದರೆ ಗೊತ್ತಾಗುತ್ತದೆ. ಕಾರು ಹೋಗುವ ಜಾಗ ಮೊದಲು. ಆಮೇಲೆ ಜೋರಾಗಿ ದೂರು ಕೊಡುವವರ ಜಾಗ. ಆಮೇಲೆ ಗಣ್ಯರು ಬರುವ ರಸ್ತೆ. ಬೆಂಗಳೂರಿನಲ್ಲಿ 2024ರಲ್ಲಿ 'ರಸ್ತೆ ಗುಂಡಿ ಗಮನ' ಅಂತ ಆ್ಯಪ್ ಬಂತು. ಗುಂಡಿ ಕಂಡರೆ ಫೋಟೋ ತೆಗೆದು ಹಾಕಬಹುದು, ಒಳ್ಳೆಯದೇ. ಆದರೆ ಹೆಸರು ನೋಡಿ. ನಮ್ಮ ಕಣ್ಣಿಗೆ ಗುಂಡಿ ಅಂದರೆ ರಸ್ತೆಯದ್ದೇ.

ದೂರಿನ ಮೇಲೆ ನಡೆಯುವ ವ್ಯವಸ್ಥೆಯಲ್ಲಿ ಇನ್ನೊಂದು ತೊಡಕಿದೆ. ಪೀಣ್ಯದಲ್ಲಿ, ಬೊಮ್ಮನಹಳ್ಳಿ ಕಡೆ, ಮೈಸೂರು ರಸ್ತೆಯಲ್ಲಿ ಬೆಳಗ್ಗೆ ಗಾರ್ಮೆಂಟ್ಸ್ ಫ್ಯಾಕ್ಟರಿಗಳ ಹೊತ್ತಿಗೆ ನಿಂತು ನೋಡಿ. ಊಟದ ಡಬ್ಬಿ ಹಿಡಿದ ಹೆಂಗಸರು ಸಾಲುಸಾಲಾಗಿ, ಹೆಚ್ಚಿನ ಕಡೆ ರಸ್ತೆಯಲ್ಲೇ, ಬೇಗಬೇಗ ಹೆಜ್ಜೆ ಹಾಕುತ್ತಿರುತ್ತಾರೆ. ಐದು ನಿಮಿಷ ತಡವಾದರೆ ಮಾತು ಕೇಳಬೇಕು. ಅವರು ನಿಂತು ಚಪ್ಪಡಿಯ ಫೋಟೋ ತೆಗೆದು ಅಪ್‌ಲೋಡ್ ಮಾಡುತ್ತಾರಾ? ಪುರುಸೊತ್ತಿದ್ದವರ ಬೀದಿಯಿಂದ ದೂರು ಜಾಸ್ತಿ ಬರುತ್ತದೆ, ಜನ ಜಾಸ್ತಿ ನಡೆಯುವ ಬೀದಿಯಿಂದ ಅಲ್ಲ. ಎರಡೂ ಒಂದೇ ಅಂದುಕೊಂಡು ಕೆಲಸ ಹಂಚಿದರೆ ಲೆಕ್ಕ ತಲೆಕೆಳಗಾಗುತ್ತದೆ.

ನಡೆಯುವವರು ಕಮ್ಮಿ, ಅದಕ್ಕೇ ದುಡ್ಡೂ ಕಮ್ಮಿ ಅನ್ನುವವರಿದ್ದಾರೆ. 2011ರ ಜನಗಣತಿಯ ಲೆಕ್ಕ ಹಾಗೆ ಹೇಳುವುದಿಲ್ಲ. ಬೇಸಾಯ ಮತ್ತು ಮನೆಕೈಗಾರಿಕೆ ಬಿಟ್ಟು ಬೇರೆ ಕೆಲಸ ಮಾಡುವವರಲ್ಲಿ ದೇಶದಲ್ಲಿ ನೂರಕ್ಕೆ ಸುಮಾರು 23 ಮಂದಿ ನಡೆದೇ ಕೆಲಸಕ್ಕೆ ಹೋಗುತ್ತಿದ್ದರು, 13 ಮಂದಿ ಸೈಕಲ್ಲಿನಲ್ಲಿ. ಬಸ್ಸು, ಮೆಟ್ರೋ ಹತ್ತುವವರೂ ಮನೆಯಿಂದ ಸ್ಟಾಪಿಗೆ ನಡೆಯಲೇಬೇಕಲ್ಲ, ಅವರನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ.

ಗುದ್ದಲಿ ಪೂಜೆ ಇಲ್ಲದ ಕೆಲಸ

ಹೊಸ ಫುಟ್‌ಪಾತಿಗೆ ಗುದ್ದಲಿ ಪೂಜೆ ಆಗುತ್ತದೆ, ಬೋರ್ಡು ಬೀಳುತ್ತದೆ, ಬೋರ್ಡಿನಲ್ಲಿ ಹೆಸರು ಇರುತ್ತದೆ. ಅಲುಗಾಡುವ ಚಪ್ಪಡಿಯ ಕೆಳಗೆ ಒಂದು ಬಾಣಲೆ ಗಾರೆ ಹಾಕುವ ಕೆಲಸಕ್ಕೆ ಯಾರು ಪೂಜೆ ಮಾಡುತ್ತಾರೆ? ಇದು ತಮಾಷೆಯ ಮಾತಲ್ಲ. ಎಂಜಿನಿಯರ್ ಹತ್ತಿರ ಕೂತು ಕೇಳಿದರೆ ಅವರು ಹೇಳುವುದೂ ಇದನ್ನೇ. ಒಂದು ಚಪ್ಪಡಿಗೆ ಎಸ್ಟಿಮೇಟ್ ಮಾಡಿ, ಮಂಜೂರು ಮಾಡಿಸಿ, ಟೆಂಡರ್ ಕರೆಯಲು ಆಗುವುದಿಲ್ಲ. 300 ಮೀಟರ್ ಪೂರ್ತಿ ಕಿತ್ತು ಟೈಲ್ಸ್ ಹಾಕುವುದಾದರೆ ಎಸ್ಟಿಮೇಟ್ ಸುಲಭ, ಬಿಲ್ ಸುಲಭ, ಗುತ್ತಿಗೆದಾರ ಸಿಗುವುದೂ ಸುಲಭ. ಹಾಗಾಗಿ ಮೂರು ಚಪ್ಪಡಿ ಕೆಟ್ಟಾಗ ಏನೂ ಆಗುವುದಿಲ್ಲ, ಮುನ್ನೂರು ಕೆಡುವ ತನಕ ಕಾಯಬೇಕು. ಆಮೇಲೆ ಚೆನ್ನಾಗಿರುವುದನ್ನೂ ಸೇರಿಸಿ ಕೀಳುತ್ತಾರೆ.

ನಮ್ಮ ಹಳೇ ಫುಟ್‌ಪಾತುಗಳು ಬಹಳಷ್ಟು ಕಡೆ ಚರಂಡಿಯ ಮುಚ್ಚಳವೇ ಹೊರತು ಬೇರೇನಲ್ಲ. ಇದನ್ನು ಹತ್ತಿರದಿಂದ ನೋಡಬೇಕು. ಮಳೆಗಾಲಕ್ಕೆ ಮೊದಲು ಹೂಳೆತ್ತಲು ಜನ ಬರುತ್ತಾರೆ. ಹಾರೆ ಹಾಕಿ ಚಪ್ಪಡಿ ಎಬ್ಬಿಸುತ್ತಾರೆ, ಅಂಚು ಸ್ವಲ್ಪ ಒಡೆಯುತ್ತದೆ. ಹೂಳನ್ನು ಪಕ್ಕದ ಚಪ್ಪಡಿಯ ಮೇಲೆ ಗುಡ್ಡೆ ಹಾಕುತ್ತಾರೆ. ಒಣಗಲಿ ಅಂತ ಬಿಡುತ್ತಾರೆ, ಒದ್ದೆ ಹೂಳನ್ನು ಲಾರಿಗೆ ತುಂಬಲು ಕಷ್ಟ. ಒಂದು ವಾರ ಆಗುತ್ತದೆ, ಅಷ್ಟರಲ್ಲಿ ಮಳೆ ಬಂದು ಅರ್ಧ ಹೂಳು ವಾಪಸ್ ಚರಂಡಿಗೆ ಹೋಗುತ್ತದೆ. ಕೊನೆಗೆ ಚಪ್ಪಡಿ ಮುಚ್ಚುತ್ತಾರೆ. ಆದರೆ ಮೊದಲು ಅದು ಕೂತಿದ್ದ ಗಾರೆ ಈಗ ಇಲ್ಲ. ಕಲ್ಲಿನ ಮೇಲೆ ಕಲ್ಲು, ನಡುವೆ ಒಂದು ಚೂರು ಮಣ್ಣು. ಅಲ್ಲಿಂದ ಅಲುಗಾಟ ಶುರು. ಹೂಳೆತ್ತುವ ಗುತ್ತಿಗೆ ಒಬ್ಬರದ್ದು, ಫುಟ್‌ಪಾತ್ ಇನ್ನೊಬ್ಬರದ್ದು. ಮುಚ್ಚಿದ ಮೇಲೆ ಗಾರೆ ಹಾಕುವುದು ಯಾರ ಗುತ್ತಿಗೆಯಲ್ಲೂ ಬರೆದಿರುವುದಿಲ್ಲ.

ಕೇಬಲ್, ನೀರಿನ ಪೈಪು, ಕರೆಂಟಿನ ಅಗೆತ ಅಂತ ಬಂದಾಗಲೂ ಇದೇ ಕತೆ. ಅಗೆದ ಮೇಲೆ ಮುಚ್ಚಲು ಶುಲ್ಕ ಕಟ್ಟಿಸಿಕೊಂಡಿರುತ್ತಾರೆ. ಡಾಂಬರಿನ ತೇಪೆಯೂ ಬೀಳುತ್ತದೆ. ಫುಟ್‌ಪಾತಿನ ಭಾಗ ಮಾತ್ರ ಮಣ್ಣಿನಲ್ಲೇ ಉಳಿಯುತ್ತದೆ. ಕೆಲಸ ಮುಗಿದ ಮೇಲೆ ಡಿಎಲ್‌ಪಿ ಅಂತ ಒಂದು ಅವಧಿ ಇರುತ್ತದೆ. ಅಷ್ಟರೊಳಗೆ ಕೆಟ್ಟರೆ ಗುತ್ತಿಗೆದಾರನೇ ಸರಿಮಾಡಿಕೊಡಬೇಕು. ಅದು ಯಾವ ರಸ್ತೆಗೆ ಯಾವತ್ತು ಮುಗಿಯುತ್ತದೆ ಅಂತ ಬೀದಿಯವರಿಗೆ ಗೊತ್ತಿದ್ದರೆ ಎಷ್ಟೋ ರಿಪೇರಿ ಪುಕ್ಕಟೆ ಆಗಬಹುದು. ಬೋರ್ಡಿನಲ್ಲಿ ಎಲ್ಲರ ಹೆಸರಿನ ಜೊತೆಗೆ ಆ ತಾರೀಕನ್ನೂ ಹಾಕಿ ಅಂತ ನನ್ನ ಬಹಳ ದಿನದ ಆಸೆ.

ಕಟ್ಟುವಾಗಲೇ ಕಾಯುವ ದುಡ್ಡನ್ನು ಎತ್ತಿಡುವುದು ನಮಗೆ ಹೊಸದೇನೂ ಅಲ್ಲ. ಹಳೇ ಶಾಸನಗಳಲ್ಲಿ ಬಿತ್ತುವಟ್ಟ ಅನ್ನುವ ಮಾತು ಬರುತ್ತದೆ. ಕೆರೆಯ ನೀರುಂಡ ಗದ್ದೆಯ ಫಸಲಿನಲ್ಲಿ ಒಂದು ಪಾಲು ಕೆರೆಯ ದುರಸ್ತಿಗೇ ಮೀಸಲು. ಕೆರೆ ಕಟ್ಟಿಸಿದವರ ಹೆಸರು ಕಲ್ಲಿನಲ್ಲಿ ಇರುತ್ತಿತ್ತು, ಅದನ್ನು ಉಳಿಸುವ ಏರ್ಪಾಡೂ ಅದೇ ಕಲ್ಲಿನಲ್ಲಿ ಇರುತ್ತಿತ್ತು. ಈಗಿನ ಶಂಕುಸ್ಥಾಪನೆಯ ಕಲ್ಲುಗಳಲ್ಲಿ ಮೊದಲರ್ಧ ಮಾತ್ರ ಉಳಿದಿದೆ.

ಸೈಕಲ್ ದಾರಿ ಸವೆಯುವ ರೀತಿ

ಸೈಕಲ್ಲಿನದು ಸ್ವಲ್ಪ ಬೇರೆ ಕತೆ. ಜಯನಗರದಲ್ಲಿ 2012ರ ಸುಮಾರಿಗೆ ಸೈಕಲ್ ಪಥ ಬಂತು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡಿನ ಕಡೆಯಿಂದ ಬೊಲಾರ್ಡ್ ಅಂದರೆ ಗಿಡ್ಡ ಕಂಬ ನಿಲ್ಲಿಸಿ ಸೈಕಲ್ಲಿಗೆ ಜಾಗ ಬಿಟ್ಟರು. ಜಯನಗರದ್ದು ಬೇಗನೇ ಗಾಡಿ ನಿಲ್ಲಿಸುವ ಜಾಗವಾಯಿತು. ಹೊರವರ್ತುಲ ರಸ್ತೆಯಲ್ಲಿ ಮೆಟ್ರೋ ಕೆಲಸ ಶುರುವಾಯಿತು. ಎರಡೂ ಕಡೆ ಜನ ಹೇಳಿದ್ದು ಒಂದೇ ಮಾತು: 'ಯಾರೂ ಸೈಕಲ್ ಹೊಡೆಯಲ್ಲ, ಸುಮ್ನೆ ದಂಡ.' ಆದರೆ ಗೆರೆ ಅಳಿಸಿ, ಕಂಬ ಮುರಿದು, ಕಾರು ನಿಂತ ಪಥದಲ್ಲಿ ಸೈಕಲ್ ಹೊಡೆಯುವವರು ಎಲ್ಲಿಂದ ಬರಬೇಕು? ಬರೀ ಬಣ್ಣದ ಗೆರೆಯ ಮೇಲೆ ನಿಂತ ಪಥಕ್ಕೆ ಬಣ್ಣವೇ ಗೋಡೆ. ಬಣ್ಣ ಸವೆದರೆ ಗೋಡೆ ಬಿದ್ದಂತೆ. ಮತ್ತೆ ಬಣ್ಣ ಹೊಡೆಯುವ ದಿನ ಗೊತ್ತಿಲ್ಲದಿದ್ದರೆ ಅಂಥ ಪಥವನ್ನು ಹಾಕದೇ ಇರುವುದು ವಾಸಿ ಅಂತ ನನಗನ್ನಿಸುತ್ತದೆ.

ಸೈಕಲ್ ಹೊಡೆಯುವವರಿಗೆ ದಿನಾ ಕಾಡುವುದು ಇನ್ನೂ ಸಣ್ಣ ವಿಷಯಗಳು. ಓಡುವ ಗಾಡಿಗಳ ಗಾಳಿಗೆ ರಸ್ತೆಯ ಧೂಳು, ಮರಳು, ಗಾಜಿನ ಚೂರು ಎಲ್ಲ ಅಂಚಿಗೆ ಬಂದು ಸೇರುತ್ತವೆ. ಸೈಕಲ್ ಹೋಗುವುದು ಅಂಚಿನಲ್ಲೇ ಅಲ್ವಾ? ತಿರುವಿನಲ್ಲಿ ಮರಳಿನ ಮೇಲೆ ಮುಂದಿನ ಚಕ್ರ ಜಾರಿದವರಿಗೆ ಇದರ ರುಚಿ ಗೊತ್ತು. ಮಳೆನೀರಿನ ಜಾಲರಿಯ ಸೀಳು ಚಕ್ರದ ದಿಕ್ಕಿಗೇ ಇದ್ದರೆ ಟೈರ್ ಒಳಗೆ ಹೋಗುತ್ತದೆ. ಜಾಲರಿಯನ್ನು ಅಡ್ಡ ತಿರುಗಿಸಿ ಕೂರಿಸಿದರೆ ಮುಗಿಯಿತು. ಡಾಂಬರು ಹಾಕುವಾಗ ಅಂಚಿನ ಒಂದೂವರೆ ಅಡಿ ಬಿಟ್ಟುಬಿಡುತ್ತಾರೆ. ಅಲ್ಲಿ ಎರಡು ಇಂಚಿನ ಮೆಟ್ಟಿಲು ಏಳುತ್ತದೆ. ಸೈಕಲ್ಲಿನವರು ಆ ಮೆಟ್ಟಿಲಿಗೆ ಹೆದರಿ ರಸ್ತೆಯ ಮಧ್ಯಕ್ಕೆ ಬರುತ್ತಾರೆ, ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಈ ಮೂರಕ್ಕೂ ಬೇಕಾದ್ದು ಪೊರಕೆ, ಸ್ಪಾನರು, ಇನ್ನೊಂದು ತಳ್ಳುಗಾಡಿ ಡಾಂಬರು.

ಬೇರೆಯವರು ಸರದಿ ಹೇಗೆ ಹಾಕಿದರು

ಸ್ವೀಡನ್ನಿನ ಕಾರ್ಲ್‌ಸ್ಕೂಗಾ ಅನ್ನುವ ಸಣ್ಣ ಊರಿನ ಕತೆ ಈ ವಿಷಯದಲ್ಲಿ ನನಗೆ ಬಹಳ ಇಷ್ಟ. ಅಲ್ಲಿ ಹಿಮ ಬಿದ್ದರೆ ಮೊದಲು ಮುಖ್ಯ ರಸ್ತೆಗಳನ್ನು ತೆಗೆಯುತ್ತಿದ್ದರು, ಕಾಲುದಾರಿ, ಸೈಕಲ್ ದಾರಿಗಳ ಸರದಿ ಕೊನೆಗೆ. 2011ರ ಹೊತ್ತಿಗೆ ಒಂದು ಪ್ರಶ್ನೆ ಬಂತು. ಹಿಮದಲ್ಲಿ ಜಾರಿ ಬೀಳುವವರು ಯಾರು? ಕಾರಿನವರಿಗಿಂತ ನಡೆಯುವವರು ಜಾಸ್ತಿ, ಅವರಲ್ಲೂ ಹೆಂಗಸರು ಜಾಸ್ತಿ. ಕೆಲವು ಇಂಚು ಹಿಮದಲ್ಲಿ ಕಾರು ಓಡಿಸಬಹುದು, ಮಗುವಿನ ತಳ್ಳುಗಾಡಿ ತಳ್ಳಲು ಆಗುವುದಿಲ್ಲ. ಹಾಗಂತ ಸರದಿ ತಿರುಗಿಸಿದರು. ಶಿಶುವಿಹಾರಗಳ ಸುತ್ತಮುತ್ತ, ಕಾಲುದಾರಿ, ಸೈಕಲ್ ದಾರಿ ಮೊದಲು. ಯಂತ್ರ ಅವೇ, ಜನ ಅವರೇ, ಖರ್ಚೂ ಜಾಸ್ತಿಯಾಗಲಿಲ್ಲ. ಬದಲಾದದ್ದು ಸರದಿ ಮಾತ್ರ.

ಮುಂದೆ ಸ್ಟಾಕ್‌ಹೋಮ್ ಕೂಡ ಇದನ್ನು ತೆಗೆದುಕೊಂಡಿತು. 2016ರ ನವೆಂಬರಿನಲ್ಲಿ ಅಲ್ಲಿ ಭಾರೀ ಹಿಮ ಬಿದ್ದು ನಗರ ನಿಂತುಹೋದಾಗ ಬಹಳ ಜನ ಈ ಹೊಸ ನಿಯಮವನ್ನೇ ಬೈದರು. ಒಳ್ಳೆಯ ಸರದಿ ಇದ್ದರೂ ಯಂತ್ರ ಸಾಲದಿದ್ದರೆ ಕೆಲಸ ನಡೆಯುವುದಿಲ್ಲ, ಇದನ್ನೂ ನೆನಪಿಡಬೇಕು.

ಇಂಗ್ಲೆಂಡಿನದ್ದು ಇನ್ನಷ್ಟು ಗುಮಾಸ್ತರ ದಾರಿ. 2005ರ ಅವರ ಮಾರ್ಗಸೂಚಿಯಲ್ಲಿ ಫುಟ್‌ಪಾತುಗಳಿಗೇ ದರ್ಜೆ ಇತ್ತು. ಜನ ಕಿಕ್ಕಿರಿಯುವ ಪೇಟೆಯ ದಾರಿಯನ್ನು ತಿಂಗಳಿಗೊಮ್ಮೆ ನಡೆದು ನೋಡಬೇಕು, ಮಧ್ಯಮದ್ದನ್ನು ಮೂರು ಅಥವಾ ಆರು ತಿಂಗಳಿಗೊಮ್ಮೆ, ಒಳಬೀದಿಯದ್ದನ್ನು ವರ್ಷಕ್ಕೊಮ್ಮೆ. 2016ರಲ್ಲಿ ಅದನ್ನು ಬದಲಿಸಿ, ಎಲ್ಲಿ ಅಪಾಯ ಜಾಸ್ತಿಯೋ ಅಲ್ಲಿ ಮೊದಲು ಅಂದರು. ಇದರಲ್ಲಿ ನಾನು ಎತ್ತಿಕೊಳ್ಳುವುದು ಒಂದನ್ನೇ. ದೂರು ಬರಲಿ ಅಂತ ಅವರು ಕಾಯುವುದಿಲ್ಲ, ಯಾರೋ ಒಬ್ಬರು ಗೊತ್ತಾದ ದಿನ ನಡೆದುಕೊಂಡು ಹೋಗುತ್ತಾರೆ.

ನಮ್ಮಲ್ಲಿ ಕಾನೂನಿನ ಬೆಂಬಲ ಇಲ್ಲದಿಲ್ಲ. ಒಳ್ಳೆಯ ರಸ್ತೆ, ಫುಟ್‌ಪಾತ್ ಪಡೆಯುವುದು ಬದುಕುವ ಹಕ್ಕಿನ ಭಾಗ ಅಂತ ಕರ್ನಾಟಕ ಹೈಕೋರ್ಟ್ 2019ರಲ್ಲೇ ಹೇಳಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕೂಡ ಅಡೆತಡೆ ಇಲ್ಲದ, ಅಂಗವಿಕಲರೂ ಬಳಸಬಹುದಾದ ಫುಟ್‌ಪಾತನ್ನು ಸಂವಿಧಾನದ 21ನೇ ವಿಧಿಯೊಳಗೆ, ಅಂದರೆ ಅದೇ ಬದುಕುವ ಹಕ್ಕಿನೊಳಗೆ ಸೇರಿಸಿತು. ಅಳತೆಯೂ ಇದೆ. ರಸ್ತೆ ಎಂಜಿನಿಯರುಗಳ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ಮನೆಗಳಿರುವ ಬೀದಿಯಲ್ಲೂ ಕನಿಷ್ಠ 1.8 ಮೀಟರ್ ಅಡ್ಡಿಯಿಲ್ಲದ ಅಗಲ ಬೇಕು, ಕರ್ಬಿನ ಅಂದರೆ ಅಂಚುಕಲ್ಲಿನ ಎತ್ತರ 15 ಸೆಂಟಿಮೀಟರ್ ಮೀರಬಾರದು. ಚೆನ್ನೈ ಪಾಲಿಕೆ 2014ರಲ್ಲಿ ಸಾರಿಗೆ ಬಜೆಟ್ಟಿನ ಶೇಕಡಾ 60ರಷ್ಟನ್ನು ನಡಿಗೆ, ಸೈಕಲ್ಲಿಗೆ ಇಡುವ ನೀತಿಯನ್ನೇ ಒಪ್ಪಿಕೊಂಡಿತ್ತು. ಬೆಂಗಳೂರಿನ ಟೆಂಡರ್‌ಶ್ಯೂರ್ ಯೋಜನೆಯ ರಸ್ತೆಗಳಲ್ಲಿ ಕೇಬಲ್ಲು, ಪೈಪುಗಳನ್ನೆಲ್ಲ ಫುಟ್‌ಪಾತಿನ ಕೆಳಗೆ ನಾಳಗಳಲ್ಲಿ ಕೂರಿಸಿದರು. ಅಗೆಯದೇ ಮುಚ್ಚಳ ತೆಗೆದು ಕೆಲಸ ಮಾಡಲಿ ಅಂತ. ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆಯಲ್ಲಿ ಈಗಲೂ ನಡೆಯಲು ಹಿತವಾಗಿರುವುದಕ್ಕೆ ಒಂದು ಕಾರಣ ಅದೇ. ಆದರೆ ಅಂಥ ರಸ್ತೆಗಳು ಊರಲ್ಲಿ ಬೆರಳೆಣಿಕೆಯಷ್ಟು.

ನನ್ನ ಕೈಗೆ ವಾರ್ಡಿನ ನಕ್ಷೆ ಕೊಟ್ಟರೆ ನಾನು ಮೊದಲು ಶಾಲೆ, ಬಸ್ ಸ್ಟಾಪ್, ಆಸ್ಪತ್ರೆ, ಮಾರ್ಕೆಟ್, ಫ್ಯಾಕ್ಟರಿ ಗೇಟು ಗುರುತು ಹಾಕುತ್ತೇನೆ. ಪ್ರತಿಯೊಂದಕ್ಕೂ ಜನ ಯಾವ ದಾರಿಯಲ್ಲಿ ಬರುತ್ತಾರೆ ಅಂತ ಬೆಳಗ್ಗೆ ಎಂಟು ಗಂಟೆಗೆ ನಿಂತು ನೋಡಿದರೆ ಸಾಕು, ಕನ್ಸಲ್ಟೆಂಟ್ ಬೇಕಿಲ್ಲ. ಆ ದಾರಿಗಳಲ್ಲಿ ತುಂಡಾದ ಜಾಗ ಎಲ್ಲೆಲ್ಲಿದೆ? ಬಾಯಿ ತೆರೆದ ಚೇಂಬರ್, ಇಲ್ಲದ ಚಪ್ಪಡಿ, ನೇತಾಡುವ ವೈರ್ ಇದ್ದರೆ ಅವತ್ತೇ. ರಸ್ತೆಗೆ ಇಳಿಸುವ ಅಡ್ಡಿಗಳು ಆಮೇಲೆ. ನೋಡಲು ಅಂದಗೆಟ್ಟ, ಆದರೆ ನಡೆಯಬಹುದಾದ ಜಾಗ ಕೊನೆಗೆ. ನಮ್ಮ 11 ಇಳಿತಗಳನ್ನು ಇದಕ್ಕೆ ಹಿಡಿದು ನೋಡಿ. ಇಟ್ಟಿಗೆ ಚೂರು ಎತ್ತಲು ಒಂದು ಟ್ರ್ಯಾಕ್ಟರ್ ಟ್ರಿಪ್. ಗಾಡಿಗಳಿಗೆ ಬೊಲಾರ್ಡ್ ಮತ್ತು ದಂಡ. ಇಳಿಜಾರಿಗೆ ಎರಡು ನೋಟಿಸ್. ಮೂರು ಚಪ್ಪಡಿಗೆ ಇಬ್ಬರು ಮೇಸ್ತ್ರಿಗಳ ಅರ್ಧ ದಿನ. ಟ್ರಾನ್ಸ್‌ಫಾರ್ಮರ್ ಎರಡಕ್ಕೆ ಮಾತ್ರ ನಿಜವಾಗಿ ದೊಡ್ಡ ದುಡ್ಡು ಬೇಕು.

ತೆರವು ಅಂದ ಕೂಡಲೇ ಬೀದಿ ವ್ಯಾಪಾರಿಗಳ ಗಾಡಿಯನ್ನು ಲಾರಿಗೆ ಏರಿಸುವುದು ಒಂದು ಚಾಳಿಯಾಗಿದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇರುವುದು ಅದನ್ನು ತಡೆಯಲಿಕ್ಕೆ. ನನ್ನ ಆ ಭಾನುವಾರದ ಲೆಕ್ಕದಲ್ಲಿ ಒಬ್ಬ ವ್ಯಾಪಾರಿಯೂ ನನ್ನನ್ನು ರಸ್ತೆಗೆ ಇಳಿಸಲಿಲ್ಲ. ಎಲ್ಲ ಕಡೆ ಹಾಗಿರುವುದಿಲ್ಲ, ಒಪ್ಪುತ್ತೇನೆ. ಆದರೆ ರಾತ್ರಿ ಒಂಬತ್ತರ ಮೇಲೆ ಒಬ್ಬರೇ ನಡೆಯುವ ಹೆಂಗಸರನ್ನು ಕೇಳಿ, ಗಾಡಿ ಅಂಗಡಿಯ ಬಲ್ಬು ಇರುವ ಬೀದಿ ಬೇಕೋ ಖಾಲಿ ಬೀದಿ ಬೇಕೋ ಅಂತ.

ಇನ್ನೊಂದು ವಿಷಯ, ನಡೆಯುತ್ತಾ ನಡೆಯುತ್ತಾ ಕಣ್ಣಿಗೆ ಬಿದ್ದದ್ದು. ದಾರಿ ತುಂಡಾಗುವುದು ಹೆಚ್ಚಾಗಿ ಅಂಚುಗಳಲ್ಲಿ. ಒಂದು ವಾರ್ಡ್ ಮುಗಿದು ಇನ್ನೊಂದು ಶುರುವಾಗುವ ಕಡೆ. ಮುಖ್ಯ ರಸ್ತೆಗೆ ಒಳಬೀದಿ ಸೇರುವ ಕಡೆ. ಒಂದು ಟೆಂಡರಿನ ಕೊನೆಯ ಮೀಟರಿನಲ್ಲಿ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಬೆಂಗಳೂರಿಗೆ ಐದು ಪಾಲಿಕೆ ಬಂದವು. ಆಡಳಿತ ಹತ್ತಿರ ಬರಬಹುದು, ಬರಲಿ. ಅಂಚುಗಳೂ ಅಷ್ಟೇ ಜಾಸ್ತಿಯಾಗುತ್ತವೆ. ಯಾವ ಪಾಲಿಕೆಯೂ ತನ್ನ ನಕ್ಷೆಯ ಗೆರೆಯ ಆಚೆಗೆ ಎರಡು ಚಪ್ಪಡಿ ಹಾಕಿಕೊಡುವುದಿಲ್ಲ.

ಕಳೆದ ತಿಂಗಳು ನಮ್ಮ ಬೀದಿಗೆ ಕೆಲಸ ಬಂತು. ಗಟ್ಟಿಯಾಗಿದ್ದ ಚಪ್ಪಡಿಗಳನ್ನೆಲ್ಲ ಕಿತ್ತು ಕೆಂಪು, ಹಳದಿ ಟೈಲ್ಸ್ ಹಾಕುತ್ತಿದ್ದಾರೆ. ಎಳನೀರಿನವರು ಮೂಲೆಯ ಚಪ್ಪಡಿಯ ಕೆಳಗೆ ಯಾವಾಗಲೋ ಒಂದು ಕಲ್ಲಿನ ಚಕ್ಕೆ ತುರುಕಿ ಅಲುಗಾಟ ಅರ್ಧ ನಿಲ್ಲಿಸಿದ್ದರು. ಮೇಸ್ತ್ರಿಯನ್ನು ಕರೆದು ಕೇಳಿದರು, 'ಇದನ್ನೂ ಮಾಡ್ತೀರಾ ಅಣ್ಣಾ?' ಮೇಸ್ತ್ರಿ ಟೇಪು ಹಿಡಿದು ನೋಡಿದ. ನಮ್ಮ ಬೀದಿಯ ಅಳತೆ ಆ ಚಪ್ಪಡಿಗೆ ಒಂದೂವರೆ ಅಡಿ ಮೊದಲೇ ಮುಗಿದಿತ್ತು. 'ಇದು ಆ ಕಡೆ ರೋಡಿಂದು, ಇದರಲ್ಲಿ ಬರಲ್ಲ' ಅಂದ. ಎಳನೀರಿನವರು ತಲೆಯಾಡಿಸಿ, ಕಿತ್ತ ಚಪ್ಪಡಿಗಳ ರಾಶಿಯಿಂದ ಇನ್ನೊಂದು ಚಕ್ಕೆ ಆರಿಸಿಕೊಂಡರು.